ನಿಮಗಿದು ಗೊತ್ತೆ? ಊರ ಹೆಸರು ಎರಡು ಸಲ!
ಅಮೆರಿಕದಲ್ಲಿ ಕಂಟ್ರೋಲ್ ಟವರ್ ಇಲ್ಲದ ನಿಲ್ದಾಣಕ್ಕೆ ಇಳಿಯುವ ಪೈಲಟ್ ರೇಡಿಯೊದಲ್ಲಿ ಊರ ಹೆಸರನ್ನು ಎರಡು ಸಲ ಹೇಳುತ್ತಾನೆ. ಮಾತಿನ ಮೊದಲಿಗೊಮ್ಮೆ, ಕೊನೆಗೊಮ್ಮೆ.

ಕಾರಣ, ಅಕ್ಕಪಕ್ಕದ ಹಲವು ನಿಲ್ದಾಣಗಳಿಗೆ 122.8 ಮೆಗಾಹರ್ಟ್ಸ್‌ನಂಥ ಒಂದೇ ಫ್ರೀಕ್ವೆನ್ಸಿ. ನಿಪ್ಪಾಣಿಯಲ್ಲೂ ಅಥಣಿಯಲ್ಲೂ ಅಂಥ ರನ್‌ವೇ ಇದ್ದಿದ್ದರೆ? "ಅಥಣಿ ಟ್ರಾಫಿಕ್, ಸೆಸ್ನಾ ಇಳಿಯುತ್ತಿದೆ, ಅಥಣಿ" ಎಂಬುದರಲ್ಲಿ ಮೊದಲ ಹೆಸರು ತಪ್ಪಿದರೂ ಕೊನೆಯದು ಕಿವಿಗೆ ಬಿದ್ದರೆ ನಿಪ್ಪಾಣಿ ಮೇಲೆ ಹಾರುವವನಿಗೆ ನಿರಾಳ!

ಟವರ್ ಇಲ್ಲದ ಕಡೆ ಇಳಿಯಲು ಅನುಮತಿ ಕೊಡುವವರು ಕೆಳಗೆ ಯಾರೂ ಇರುವುದಿಲ್ಲ. ಸುತ್ತ ಹಾರುವವರೇ ಕೇಳಿಸಿಕೊಂಡು ಸರದಿ ಹೊಂದಿಸಿಕೊಳ್ಳಬೇಕು. ನಮ್ಮ ಬೆಳಗಾವಿಯ ಸಾಂಬ್ರಾದಲ್ಲಿ ಟವರ್ ಇದೆ. ಆದರೆ ಅಮೆರಿಕದಲ್ಲಿ ಸಾರ್ವಜನಿಕ ಬಳಕೆಯ ಸುಮಾರು 5,000 ನಿಲ್ದಾಣಗಳಲ್ಲಿ ಟವರ್ ಇರುವುದು 500ರ ಆಸುಪಾಸಿಗೆ ಮಾತ್ರ. ಟವರ್ ಇಲ್ಲದ ಬಹುಪಾಲು ಕಡೆ ರೇಡಿಯೊವೇ ಇಲ್ಲದ ವಿಮಾನವೂ ಇಳಿಯಬಹುದು, ಕಾನೂನಿನ ಅಡ್ಡಿಯಿಲ್ಲ.