ಎರಡನೇ ತಿಂಗಳಲ್ಲಿ ಆದದ್ದೇನು?

1947ರ ಬ್ರಿಟನ್. ಯುದ್ಧ ಮುಗಿದಿತ್ತು, ಬೊಕ್ಕಸ ಬರಿದಾಗಿತ್ತು. ಕ್ಷಯಕ್ಕೆ ಹೊಸದಾಗಿ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಅನ್ನು ಅಮೆರಿಕದಿಂದ ಬೇಕಾದಷ್ಟು ತರಿಸಲು ಡಾಲರ್ ಇರಲಿಲ್ಲ. ಸಿಕ್ಕಿದ್ದು ಅಲ್ಪ, ಯಾರಿಗೆ ಕೊಡುವುದು, ಯಾರಿಗೆ ಬಿಡುವುದು? ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಆ ತೀರ್ಮಾನವನ್ನು ವೈದ್ಯರ ಕೈಯಿಂದಲೇ ತೆಗೆದು, ಮುಚ್ಚಿದ ಲಕೋಟೆಗಳಿಗೆ ಒಪ್ಪಿಸಿದರು. 55 ರೋಗಿಗಳಿಗೆ ಔಷಧದ ಜೊತೆ ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ನಾಲ್ಕು ತಿಂಗಳ ಕಾಲ, ಆರಾರು ಗಂಟೆಗೊಮ್ಮೆ ಸೂಜಿ.

ಆರು ತಿಂಗಳಾಗುವಷ್ಟರಲ್ಲಿ ಔಷಧ ಸಿಗದವರಲ್ಲಿ 14 ಮಂದಿ ತೀರಿಕೊಂಡಿದ್ದರು. ಸಿಕ್ಕವರಲ್ಲಿ ನಾಲ್ವರು ಮಾತ್ರ. ಗೆದ್ದೆವೆಂದು ಸಂಭ್ರಮಿಸಬಹುದಿತ್ತು. ಆದರೆ ಚೇತರಿಸಿಕೊಂಡು ಜ್ವರ ಇಳಿದು ತೂಕ ಏರಿದ್ದ ಎಷ್ಟೋ ಮಂದಿ ಮತ್ತೆ ಕುಸಿಯತೊಡಗಿದರು. ಐದು ವರ್ಷಗಳ ನಂತರದ ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ: ಔಷಧ ಪಡೆದವರಲ್ಲಿ 32 ಸಾವು, ಪಡೆಯದವರಲ್ಲಿ 35.

ಕಾರಣ ಸಿಕ್ಕಿದ್ದು ಎಕ್ಸ್‌ರೇಯಲ್ಲಲ್ಲ, ಕಫ ಪರೀಕ್ಷೆಯ ಗಾಜಿನ ನಳಿಗೆಗಳಲ್ಲಿ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆಗ ಡೆನಿಸ್ ಮಿಚಿಸನ್ ಎಂಬ ಯುವಕನಿದ್ದ. ಮೂವತ್ತು ತುಂಬದ ವಯಸ್ಸು. ಮುಂದೆ ಭಾರತಕ್ಕೇ ಬಂದು ನೆಲೆಸಿದ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನರ ಸೋದರಳಿಯ. ಕ್ಷಯದ ಬ್ಯಾಸಿಲಸ್ ಬಲು ನಿಧಾನದ ಜೀವಿ. ಮೊಟ್ಟೆ ಬೆರೆಸಿ, ಓರೆಯಾಗಿ ಗಟ್ಟಿ ಮಾಡಿದ ಹಸಿರು ಆಹಾರದ ಮೇಲೆ ಕಫವನ್ನು ಹಚ್ಚಿಟ್ಟರೆ, ಕೆನೆಬಣ್ಣದ ಒರಟು ಕಾಳುಗಳಂತೆ ಅದು ಕಾಣಿಸಿಕೊಳ್ಳಲು ವಾರಗಟ್ಟಲೆ ಕಾಯಬೇಕು. ಕೆಲವು ನಳಿಗೆಗಳಲ್ಲಿ ಬೇರೆಬೇರೆ ಪ್ರಮಾಣದ ಸ್ಟ್ರೆಪ್ಟೊಮೈಸಿನ್ ಬೆರೆಸಿರುತ್ತಾರೆ. ಅದರಲ್ಲೂ ಕಾಳುಗಳು ಎದ್ದವೆಂದರೆ, ಆ ರೋಗಿಯ ಬ್ಯಾಸಿಲಸ್‌ಗೆ ಔಷಧ ಇನ್ನು ನಾಟುವುದಿಲ್ಲ ಎಂದೇ ಅರ್ಥ. ಪರೀಕ್ಷಿಸಿದ 41 ರೋಗಿಗಳಲ್ಲಿ 35 ಮಂದಿಯ ಕಫದಲ್ಲಿ ಹೀಗಾಯಿತು. ಅದೂ ಹೆಚ್ಚಾಗಿ ಚಿಕಿತ್ಸೆಯ ಎರಡನೇ ತಿಂಗಳಲ್ಲಿ.

ಔಷಧವೇ ಬ್ಯಾಸಿಲಸ್‌ಗಳನ್ನು ಹೀಗೆ ಮಾರ್ಪಡಿಸಿತೇ? ಇಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಮಾರ್ಜರಿ ಪೈಲ್ 1947ರಲ್ಲೇ ತೋರಿಸಿಕೊಟ್ಟಿದ್ದರು: ಮೊದಲ ಸೂಜಿ ಚುಚ್ಚುವ ಮುನ್ನವೇ ಔಷಧಕ್ಕೆ ಬಗ್ಗದ ಬೆರಳೆಣಿಕೆಯ ಬ್ಯಾಸಿಲಸ್‌ಗಳು ಕಫದಲ್ಲಿರುತ್ತವೆ. ಶ್ವಾಸಕೋಶದಲ್ಲಿ ಕ್ಷಯ ಕೊರೆದ ಪೊಳ್ಳಿನಲ್ಲಿ ಬ್ಯಾಸಿಲಸ್‌ಗಳು ಕೋಟಿಗಟ್ಟಲೆ. ಅಷ್ಟು ದೊಡ್ಡ ಸಂತತಿಯಲ್ಲಿ ತಾನಾಗಿ ರೂಪಾಂತರಗೊಂಡ ಕೆಲವು ಇದ್ದೇ ಇರುತ್ತವೆ. ಮಿಕ್ಕವು ಔಷಧಕ್ಕೆ ಸತ್ತಾಗ ಅವೇ ಬೆಳೆದು ತುಂಬಿಕೊಳ್ಳುತ್ತವೆ, ಹೊಲಕ್ಕೆ ಹೊಡೆದ ಮದ್ದಿಗೆ ಮಿಕ್ಕ ಕಳೆಯೆಲ್ಲ ಸತ್ತು, ಸಾಯದ ಒಂದೇ ಜಾತಿ ಹೊಲವನ್ನೆಲ್ಲ ಆವರಿಸಿಕೊಂಡ ಹಾಗೆ. ನನ್ನ ಮಟ್ಟಿಗೆ ಇಡೀ ಕತೆಯ ತಿರುಳು ಇದೇ. ಸೋತದ್ದು ಔಷಧವಲ್ಲ, ಅದನ್ನು ಒಂಟಿಯಾಗಿ ಕೊಟ್ಟ ಕ್ರಮ.

ಹಾಗಾದರೆ ಜೊತೆಗಾರ ಯಾವುದು? ಸ್ವೀಡನ್ನಿನ ಯೊರ್ಗೆನ್ ಲೇಮನ್ ಆಸ್ಪಿರಿನ್ ಬಳಗದ ರಾಸಾಯನಿಕದಿಂದ ಪಿಎಎಸ್ ಎಂಬ ಔಷಧವನ್ನು ರೂಪಿಸಿದ್ದರು. ತಾನೊಂದೇ ಆದರೆ ಅದು ಅಷ್ಟೇನೂ ಬಲಶಾಲಿಯಲ್ಲ, ನುಂಗುವುದೂ ಕಷ್ಟ. ದಿನಕ್ಕೆ 20 ಗ್ರಾಂ ಬೇಕು. ಆದರೂ 1948ರ ಕೊನೆಗೆ ಶುರುವಾದ ಪ್ರಯೋಗದಲ್ಲಿ ಎರಡನ್ನೂ ಕೂಡಿಸಿ ಕೊಟ್ಟಾಗ, ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ಬ್ಯಾಸಿಲಸ್ ತೀರಾ ಕೆಲವರಲ್ಲಷ್ಟೇ ತಲೆಯೆತ್ತಿತು. ಒಂದರಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯುತ್ತಿತ್ತು. ಎರಡರಿಂದಲೂ ಒಟ್ಟಿಗೆ ಪಾರಾಗುವ ಬ್ಯಾಸಿಲಸ್ ಅತಿ ಅಪರೂಪ.

ಮಿಚಿಸನ್ ಈ ಜಾಡನ್ನು ಬಿಡಲಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಕೇಂದ್ರ ಶುರುವಾದಾಗ ಅಲ್ಲಿನ ಸಂಶೋಧನೆಗೂ ಕೈಜೋಡಿಸಿದರು. ಬಡವರ ಇಕ್ಕಟ್ಟಿನ ಮನೆಗಳಲ್ಲೇ ಐಸೋನಿಯಾಜಿಡ್ ಎಂಬ ಇನ್ನೊಂದು ಔಷಧವನ್ನು ಪಿಎಎಸ್ ಜೊತೆ ಕೊಟ್ಟರೂ, ಸ್ಯಾನಟೋರಿಯಂನಲ್ಲಿ ಇಟ್ಟಷ್ಟೇ ಗುಣವಾಗುತ್ತದೆಂದು ಅಲ್ಲಿ ಸಾಬೀತಾಯಿತು. ಊಟ, ಗಾಳಿ, ಹಾಸಿಗೆಗಿಂತ ಔಷಧಗಳ ಜೋಡಣೆ ಮುಖ್ಯ ಎಂಬುದು ಆಗಿನವರಿಗೆ ನಂಬಲಾಗದ ಮಾತು. 1970ರ ದಶಕದಲ್ಲಿ ಪೂರ್ವ ಆಫ್ರಿಕಾದ ಪ್ರಯೋಗಗಳು ರಿಫಾಂಪಿಸಿನ್ ಮತ್ತು ಪೈರಾಜಿನಮೈಡ್ ಎಂಬ ಔಷಧಗಳನ್ನೂ ಸೇರಿಸಿ, ಒಂದೂವರೆ ವರ್ಷದ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸುವ ದಾರಿ ತೆರೆದವು.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯ ಕ್ಷಯಕ್ಕೆ ಮೊದಲೆರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು ಔಷಧ ಕೊಡುವುದರ ಹಿಂದೆ ಇರುವುದು ಇದೇ ಲೆಕ್ಕ: ಬ್ಯಾಸಿಲಸ್‌ಗಳ ಸಂಖ್ಯೆ ಅತಿ ಹೆಚ್ಚಿರುವುದು ಆರಂಭದಲ್ಲಿ, ಔಷಧಕ್ಕೆ ಬಗ್ಗದವು ಅವುಗಳ ನಡುವೆ ಅಡಗಿರುವುದೂ ಆಗಲೇ.