ಹಳೇ ಬೋರ್ಡಿನ ಮೂರನೇ ಪೋರ್ಟು

ಭತ್ತದ ಕಟಾವಿನ ಹೊತ್ತಿಗೆ ತುರ್ವಿಹಾಳದ ಅಂಗಡಿಗಳಲ್ಲಿ ಧೂಳು ಕೂರದ ಜಾಗವೇ ಇರುವುದಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ಈ ಸೀಮೆಯಲ್ಲಿ ಬೇಸಿಗೆ ಬೆಳೆ ಮನೆಗೆ ಬರುವುದೂ ಬಿಸಿಲು 40 ಡಿಗ್ರಿ ದಾಟುವುದೂ ಒಂದೇ ಕಾಲಕ್ಕೆ. ಅಂಥ ಒಂದು ಮಧ್ಯಾಹ್ನ ಝೆರಾಕ್ಸ್, ಡಿಟಿಪಿ ಅಂಗಡಿಯ ಗೆಳೆಯರ ಫೋನ್ ಬಂತು. ‘ಅಣ್ಣಾರ, ಸಿಪಿಯು ಆನ್ ಆಗ್ತೈತ್ರಿ, ಆದ್ರ ಹಾರ್ಡ್‌ಡಿಸ್ಕ್ ತೋರಿಸವಲ್ದು. ಹತ್ತು ವರ್ಷದ ಲಗ್ನಪತ್ರಿಕಿ, ಅರ್ಜಿ ಎಲ್ಲಾ ಅದ್ರಾಗ ಅದಾವ್ರಿ.’

ನಾನು ಹೋಗುವಷ್ಟರಲ್ಲಿ ಯಾರೋ ಹೇಳಿಯಾಗಿತ್ತು: ಡಿಸ್ಕ್ ಸತ್ತಿದೆ, ಹೊಸದು ಹಾಕಿಸಿ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಡಿಸ್ಕ್ ಕಾಣದಿರುವುದೇ ಬೇರೆ, ಸಾಯುವುದೇ ಬೇರೆ.

ಮೊದಲು ನೋಡಬೇಕಾದದ್ದು ಬಯೋಸ್. ಅಲ್ಲಿ ಡಿಸ್ಕಿನ ಹೆಸರಿದ್ದೂ ವಿಂಡೋಸ್ ಏಳದಿದ್ದರೆ ತೊಂದರೆ ಸೆಟ್ಟಿಂಗಿನಲ್ಲೋ ವಿಂಡೋಸ್‌ನಲ್ಲೋ ಇರಬಹುದು. ಹೆಸರೇ ಇಲ್ಲದಿದ್ದರೆ ಕರೆಂಟು, ಕೇಬಲ್, ಪೋರ್ಟ್, ಕೊನೆಗೆ ಡಿಸ್ಕ್, ಹೀಗೆ ಹುಡುಕುತ್ತಾ ಹೋಗಬೇಕು. ಇಲ್ಲಿ ಹೆಸರಿರಲಿಲ್ಲ. ಗಡಿಯಾರವೂ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಅಂದರೆ ಬೋರ್ಡ್ ಮೇಲಿನ ಸಿಆರ್2032 ಸೆಲ್ಲು ಇಳಿದಿದೆ. 3 ವೋಲ್ಟಿನ ಈ ಬಿಲ್ಲೆ ಸತ್ತರೆ ಸೆಟ್ಟಿಂಗುಗಳು ಕಂಪನಿ ಕೊಟ್ಟ ಸ್ಥಿತಿಗೆ ಮರಳುತ್ತವೆ. ಡಿಸ್ಕಿನ ಮೋಡ್ ಎಎಚ್‌ಸಿಐನಿಂದ ಐಡಿಇಗೆ ಜಾರಿ, ಡಿಸ್ಕ್ ನೆಟ್ಟಗಿದ್ದರೂ ನೀಲಿ ಪರದೆ ಬರುವುದುಂಟು. ಸೆಲ್ ಬದಲಿಸಿ ಮೋಡ್ ಸರಿಪಡಿಸಿದೆವು. ಹೆಸರು ಬರಲಿಲ್ಲ.

ಸೈಡ್ ಕವರ್ ತೆಗೆದು ಡಿಸ್ಕಿನ ಮೇಲೆ ಅಂಗೈ ಇಟ್ಟೆ. ಸಣ್ಣಗೆ ನಡುಗುತ್ತಿತ್ತು, ತಿರುಗುತ್ತಿದೆ. ಟಕ್ ಟಕ್ ಸದ್ದಿಲ್ಲ. ಆ ಸದ್ದಿದ್ದರೆ ಅಲ್ಲಿಗೇ ಆಫ್ ಮಾಡಿ ಡೇಟಾ ರಿಕವರಿಯವರ ಕೈಗೆ ಕೊಡಬೇಕು. ಮತ್ತೆ ಮತ್ತೆ ಆನ್ ಮಾಡಿದರೆ ಒಳಗಿನ ತಟ್ಟೆಗೆ ಗೀರು ಬೀಳುವ ಭಯವಿದೆ. ಪ್ಲಗ್ ಕಿತ್ತು ಹೊಸ ಸಾಟಾ ಕೇಬಲ್ ಹಾಕಿದೆ, ಇಲ್ಲ. ಕೊನೆಗೆ ಬೋರ್ಡಿನ ತುದಿಯನ್ನು ಮೂರನೇ ಪೋರ್ಟಿನಿಂದ ಕಿತ್ತು ಮೊದಲನೆಯದಕ್ಕೆ ಚುಚ್ಚಿದೆ. ಡಿಸ್ಕಿನ ಹೆಸರು ಬಂತು.

ಬೋರ್ಡು ಇಂಟೆಲ್ 6 ಸರಣಿಯದು, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಈ ಸರಣಿಗೆ ಒಂದು ಕಥೆಯಿದೆ. 2011ರ ಜನವರಿ 31ರಂದು ಇಂಟೆಲ್ ತಾನೇ ಮುಂದೆ ಬಂದು, ಕೂಗರ್ ಪಾಯಿಂಟ್ ಹೆಸರಿನ ಈ ಚಿಪ್‌ಸೆಟ್‌ನಲ್ಲಿ ದೋಷವಿದೆ ಎಂದು ಒಪ್ಪಿಕೊಂಡು ರವಾನೆ ನಿಲ್ಲಿಸಿತು. ಚಿಪ್‌ಗೆ ಆರು ಸಾಟಾ ಪೋರ್ಟ್. 0 ಮತ್ತು 1 ನಿರಾಳ. ಉಳಿದ ನಾಲ್ಕರ ಗಡಿಯಾರದ ಸರ್ಕೀಟಿನಲ್ಲಿದ್ದ ಒಂದು ಟ್ರಾನ್ಸಿಸ್ಟರಿಗೆ ತಾಳಿಕೊಳ್ಳಲಾಗದಷ್ಟು ವೋಲ್ಟೇಜ್ ಬಿದ್ದು ಕರೆಂಟ್ ಸೋರುತ್ತಿತ್ತು. ಹೊಸತಾಗಿದ್ದಾಗ ಗೊತ್ತೇ ಆಗದು. ವರ್ಷಗಳುರುಳಿದಂತೆ ಪೋರ್ಟ್ ಬಳಲಿ, ಡಿಸ್ಕ್ ಒಂದು ದಿನ ಮಾಯವಾಗಬಹುದು. ದುರಸ್ತಿ, ಬದಲಾವಣೆಗೆ 70 ಕೋಟಿ ಡಾಲರ್ ತಗಲುತ್ತದೆಂದು ಕಂಪನಿ ಅಂದಾಜು ಹಾಕಿತು. ಆ ಕಾಲದ ಬೋರ್ಡ್ ಕೈಗೆ ಬಂದರೆ ಡಿಸ್ಕನ್ನು 0 ಅಥವಾ 1ಕ್ಕೆ ಹಾಕುವುದೇ ಕ್ಷೇಮ. ಎಣಿಕೆ ಸೊನ್ನೆಯಿಂದ ಶುರು ಎಂಬುದು ನೆನಪಿರಲಿ: ನಮ್ಮ ಮೂರನೇ ಪೋರ್ಟ್ ಚಿಪ್‌ನ ಲೆಕ್ಕದಲ್ಲಿ 2.

ಡಿಸ್ಕಿನದೇ ತಪ್ಪಿದ್ದಾಗಲೂ ಡೇಟಾ ಹೋಗಿರಬೇಕೆಂದಿಲ್ಲ. 2009ರ ಆರಂಭದಲ್ಲಿ ಸೀಗೇಟ್ ಬರಾಕುಡಾ 7200.11 ಡಿಸ್ಕುಗಳು ಫರ್ಮ್‌ವೇರ್ ದೋಷದಿಂದ ತಮ್ಮಷ್ಟಕ್ಕೆ ಬೀಗ ಹಾಕಿಕೊಂಡು ಬಯೋಸ್‌ಗೆ ಕಾಣದಂತಾದವು. ಒಳಗಿನ ಕಡತಗಳು ಮಾತ್ರ ಇದ್ದಂತೆಯೇ ಇದ್ದವು. ಅಂದು ಅವನ್ನು ಗುಜರಿಗೆ ಹಾಕಿದವರು ಎಷ್ಟು ಕಳೆದುಕೊಂಡರೋ.

ಕಂಡ ಡಿಸ್ಕನ್ನು ನಂಬಿ ಕೂರುವಂತಿಲ್ಲ. ಬೇರೆ ಕೆಲಸ ಬಿಟ್ಟು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿಗೆ ಹಾಕಿದೆವು. ನಡುವೆ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಕೂಗುತ್ತಾ ತಡೆದುಕೊಂಡಿತು. ಪರೀಕ್ಷೆಗೆಂದು ಗೆಳೆಯರು ನುಡಿ ತಂತ್ರಾಂಶದ ಒಂದು ಕಡತ ತೆರೆದರು; ಯಾವುದೋ ಹಳೆಯ ಲಗ್ನಪತ್ರಿಕೆ, ಅಕ್ಷರ ಒಂದೂ ಕೆಟ್ಟಿರಲಿಲ್ಲ. ಸಂಜೆ ಮೂರನೇ ಪೋರ್ಟಿನ ಬಾಯಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಧೂಳು ಒರೆಸಿ, ಕವರ್ ಮುಚ್ಚಿದರು.