ಮನೆಗೆ ಹೊಂದಿಸಿ ಕಟ್ಟಿದ ಕೊಟ್ಟಿಗೆ: ವಿದ್ಯುತ್ ತಂತಿಗಳ ಸುರಕ್ಷಿತ ಪ್ರತ್ಯೇಕೀಕರಣ

ಹೈನುಗಾರಿಕೆ ಕೈಗೊಂಡ ರೈತ ಕುಟುಂಬಗಳು ವಾಸದ ಮನೆಯ ಹಿಂಗೋಡೆಗೆ ತಗಡಿನ ಛಾವಣಿ ಜೋಡಿಸಿ ಕೊಟ್ಟಿಗೆ ಅಥವಾ ಮೇವು ಕತ್ತರಿಸುವ ಯಂತ್ರದ ಕೋಣೆಯನ್ನು ನಿರ್ಮಿಸಿಕೊಳ್ಳುವುದು ಸಾಮಾನ್ಯ. ಗೋಡೆ ಮತ್ತು ಛಾವಣಿಗೆ ನೀಡುವ ಗಮನವನ್ನು ತಂತಿಗಳಿಗೆ ನೀಡುವುದು ಮಾತ್ರ ವಿರಳ. ಹಿತ್ತಿಲ ದೀಪದಿಂದ ಎರಡು ತಂತಿಗಳನ್ನು ಎಳೆದು ಮೊದಲು ಒಂದು ಬಲ್ಬನ್ನು, ಬಳಿಕ ಒಂದು ಪ್ಲಗ್ಗನ್ನು, ಕೊನೆಗೆ ಅದೇ ಪ್ಲಗ್ಗಿಗೆ ಮೋಟಾರನ್ನು ಜೋಡಿಸಲಾಗುತ್ತದೆ. ಹೀಗೆ ಬೆಳೆದ ಜಾಲವನ್ನು ಮನೆಯ ಉಳಿದ ಭಾಗದಿಂದ ಪೂರ್ಣವಾಗಿ ಬೇರ್ಪಡಿಸಲು ಯಾವ ಸಾಧನವೂ ಇರುವುದಿಲ್ಲ.

ಸ್ವಿಚ್ ಆರಿಸಿದರೆ ಸಾಲದು

ಗೋಡೆಯ ಸಾಮಾನ್ಯ ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ. ಹಳೆಯ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಆ ಸ್ವಿಚ್ ಕಡಿಯುವುದು ನ್ಯೂಟ್ರಲ್ ಅನ್ನು. ದೀಪ ಆರಿದರೂ ಹೋಲ್ಡರಿನಲ್ಲಿ 230 ವೋಲ್ಟ್ ಉಳಿದೇ ಇರುತ್ತದೆ. ಆದ್ದರಿಂದ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಏಕಕಾಲಕ್ಕೆ ಕಡಿಯುವ ಡಬಲ್ ಪೋಲ್ ಐಸೊಲೇಟರ್ ಇದ್ದಾಗ ಮಾತ್ರ ಆ ಭಾಗವನ್ನು ಪ್ರತ್ಯೇಕಿಸಲಾಗಿದೆ ಎನ್ನಬಹುದು.

'ಕರೆಂಟ್ ಹೋದಾಗ' ದುರಸ್ತಿಗೆ ಇಳಿಯುವ ಅಭ್ಯಾಸವು ಇನ್ನೂ ಅಪಾಯಕಾರಿ. ನಿರಂತರ ಜ್ಯೋತಿ ಯೋಜನೆ ಜಾರಿಯಾದ ಗ್ರಾಮಗಳಲ್ಲಿ ಮನೆಗಳ ಮಾರ್ಗ ಮತ್ತು ನೀರಾವರಿ ಪಂಪ್‌ಸೆಟ್‌ಗಳ ಮಾರ್ಗ ಬೇರೆ ಬೇರೆ. ಪಂಪು ನಿಂತಿತೆಂದರೆ ಮನೆಯ ಮಾರ್ಗದಲ್ಲಿಯೂ ವಿದ್ಯುತ್ ಇಲ್ಲವೆಂದು ಭಾವಿಸಬಾರದು. ಮನೆಯಿಂದ ದೀಪಕ್ಕೂ ಪಂಪಿನ ಮನೆಯಿಂದ ಯಂತ್ರಕ್ಕೂ ತಂತಿ ಎಳೆದಿರುವ ಕೊಟ್ಟಿಗೆಗಳಿವೆ. ಅಲ್ಲಿ ಒಂದು ಮೂಲವನ್ನು ನಿಲ್ಲಿಸಿದರೂ ಇನ್ನೊಂದು ಜೀವಂತವಾಗಿರುತ್ತದೆ. ಇಂತಹ ಜೋಡಣೆಯನ್ನು ಕೂಡಲೇ ತೆಗೆಸತಕ್ಕದ್ದು. ಇನ್ವರ್ಟರ್ ಮೂರನೆಯ ಮೂಲ. ಮುಖ್ಯ ಸ್ವಿಚ್ಚನ್ನು ಆರಿಸಿದ ಕ್ಷಣದಲ್ಲೇ ಅದು ತಾನಾಗಿ ಚಾಲನೆಗೊಂಡು ಅದೇ ತಂತಿಗೆ ವಿದ್ಯುತ್ ಹರಿಸಬಲ್ಲದು.

ಜೋಡಣೆ ಹೇಗಿರಬೇಕು

ವಿಸ್ತರಿಸಿದ ಭಾಗಕ್ಕೆ ಮನೆಯ ಮುಖ್ಯ ಫಲಕದಿಂದಲೇ ಪ್ರತ್ಯೇಕ ಮಾರ್ಗ ಬರಬೇಕು. ಅದರ ಆರಂಭದಲ್ಲಿ ಡಬಲ್ ಪೋಲ್ ಐಸೊಲೇಟರ್, ಹೊರೆಗೆ ತಕ್ಕ ಎಂಸಿಬಿ ಮತ್ತು 30 ಮಿಲಿ ಆಂಪಿಯರ್ ಸಂವೇದನೆಯ ಆರ್‌ಸಿಸಿಬಿ ಇರಲಿ. ಇವುಗಳನ್ನು ಕೊಟ್ಟಿಗೆಯ ಒಳಗಲ್ಲ, ಮನೆಯ ಬದಿಯ ಒಣ ಗೋಡೆಯಲ್ಲಿ, ದನಗಳಿಗೆ ಎಟುಕದಂತೆ, ಆದರೆ ಮನೆಯವರೆಲ್ಲರಿಗೂ ಕೈಗೆಟುಕುವಂತೆ ಅಳವಡಿಸಬೇಕು.

ಎಂಸಿಬಿ ಇದ್ದ ಮೇಲೆ ಆರ್‌ಸಿಸಿಬಿ ಏಕೆ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ದೇಹದ ಪ್ರತಿರೋಧ 1000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟ್‌ನಲ್ಲಿ ಹರಿಯುವುದು ಸುಮಾರು 0.23 ಆಂಪಿಯರ್. ಪ್ರಾಣ ತೆಗೆಯಲು ಇಷ್ಟು ಸಾಕು. 16 ಆಂಪಿಯರ್ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿಯಾದರೋ ಹೋದ ಮತ್ತು ಮರಳಿದ ವಿದ್ಯುತ್ತಿನ ವ್ಯತ್ಯಾಸವನ್ನು ಗುರುತಿಸಿ ಕ್ಷಣಾರ್ಧದಲ್ಲಿ ಕಡಿಯುತ್ತದೆ. ಆದರೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಕಾಪಾಡದು. ಕೊಟ್ಟಿಗೆಯ ನ್ಯೂಟ್ರಲ್ ತಂತಿಯು ಆರ್‌ಸಿಸಿಬಿಯ ನಂತರ ಮನೆಯ ನ್ಯೂಟ್ರಲ್‌ಗೆ ಎಲ್ಲಿಯಾದರೂ ಸೇರಿದರೆ ಸಾಧನ ಮತ್ತೆ ಮತ್ತೆ ಬೀಳುತ್ತದೆ. ಆಗ 'ಇದು ಕೆಟ್ಟಿದೆ' ಎಂದು ತೆಗೆದು ನೇರ ಜೋಡಿಸುವುದು ಕೆಲವೆಡೆ ಕಂಡುಬರುವ ದುರಭ್ಯಾಸ. ಕೆಟ್ಟಿರುವುದು ಸಾಧನವಲ್ಲ, ಜೋಡಣೆ.

ಭೂಸಂಪರ್ಕದ ಹಸಿರು ತಂತಿ ಕೊಟ್ಟಿಗೆಯ ಪ್ರತಿ ಪ್ಲಗ್ಗಿಗೂ ಮೋಟಾರಿನ ಹೊರಕವಚಕ್ಕೂ ತಲುಪಬೇಕು. ಕಬ್ಬಿಣದ ಕಂಬ, ನೀರಿನ ಕೊಳವೆ ಮತ್ತು ತಗಡನ್ನು ಅದಕ್ಕೆ ಜೋಡಿಸುವುದು ಒಳಿತು. ಆದರೆ ಅವುಗಳನ್ನೇ ಭೂಸಂಪರ್ಕವೆಂದು ಬಳಸಬಾರದು. ಭೂಸಂಪರ್ಕಕ್ಕೆ ಐಎಸ್ 3043 ಮತ್ತು ತಂತಿ ಜೋಡಣೆಗೆ ಐಎಸ್ 732 ಮಾನಕಗಳು ಅನ್ವಯಿಸುತ್ತವೆ. ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು.

ದನಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅವು ಗಂಜಲದಿಂದ ತೊಯ್ದ ನೆಲದ ಮೇಲೆ ನಿಂತಿರುತ್ತವೆ. ಮುಂಗಾಲು, ಹಿಂಗಾಲುಗಳ ನಡುವಿನ ಅಂತರ ಹೆಚ್ಚಿರುವುದರಿಂದ ನೆಲದಲ್ಲಿ ಸೋರುವ ವಿದ್ಯುತ್ ಎದೆಯ ಭಾಗದ ಮೂಲಕ ಹಾದುಹೋಗುತ್ತದೆ. ಒಣ ಚಪ್ಪಲಿ ಧರಿಸಿದವರಿಗೆ ಅರಿವಾಗದ ಸೋರಿಕೆಯೂ ಹಸುವಿಗೆ ಆಘಾತ ನೀಡಬಲ್ಲದು. ಹಸು ನೀರಿನ ತೊಟ್ಟಿಗೆ ಬಾಯಿ ಹಾಕಲು ಹಿಂಜರಿದರೆ, ಕಂಬದ ಬಳಿ ಬೆಚ್ಚಿದರೆ, ಇತರ ಕಾರಣಗಳ ಜೊತೆಗೆ ಸೋರಿಕೆಯನ್ನೂ ಶಂಕಿಸಬೇಕು. ಹಸು ಕುಸಿದು ಬಿದ್ದಾಗ ಸರಪಳಿ ಬಿಡಿಸಲು ಧಾವಿಸಬಾರದು. ಮೊದಲು ಐಸೊಲೇಟರ್, ಬಳಿಕ ಹಸು.

ದುರಸ್ತಿಗೆ ಮುನ್ನ

ಮೊದಲು ಯಂತ್ರವನ್ನು ನಿಲ್ಲಿಸಿ ಎಂಸಿಬಿಯನ್ನು ಕೆಳಗಿಳಿಸಿ, ನಂತರ ಐಸೊಲೇಟರನ್ನು ತೆರೆಯಬೇಕು. ಹೊರೆ ಹರಿಯುತ್ತಿರುವಾಗ ಕಡಿಯಲೆಂದು ಐಸೊಲೇಟರ್ ಇರುವುದಲ್ಲ. ಕೊಟ್ಟಿಗೆಗೆ ಇನ್ವರ್ಟರ್ ಸಂಪರ್ಕವಿದ್ದರೆ ಅದರ ಹೊರಮಾರ್ಗವನ್ನೂ ಕಡಿಯಬೇಕು. ಬೇರೆಯವರು ತಿಳಿಯದೆ ಮತ್ತೆ ಚಾಲನೆ ಮಾಡದಂತೆ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವರೇ ಇಟ್ಟುಕೊಳ್ಳಬೇಕು. ಐಸೊಲೇಟರ್ ತೆರೆದಿದ್ದರೂ ಅದಕ್ಕೆ ಒಳಬರುವ ತಿರುಪುಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ.

ನಿಯಾನ್ ಟೆಸ್ಟರ್ ಒಂದನ್ನೇ ನಂಬುವುದು ಸರಿಯಲ್ಲ. ಒಣ ಮರದ ಏಣಿಯ ಮೇಲೆ ನಿಂತವರ ಕೈಯಲ್ಲಿ ಅದು ಮಂಕಾಗಿ ಉರಿಯಬಹುದು. ಬಿಸಿಲಿನಲ್ಲಿ ಆ ಬೆಳಕು ಕಾಣದೆಯೂ ಹೋಗಬಹುದು. ಮಲ್ಟಿಮೀಟರನ್ನು ಮೊದಲು ವಿದ್ಯುತ್ ಇರುವ ಬೇರೊಂದು ಪ್ಲಗ್ಗಿನಲ್ಲಿ ಪರೀಕ್ಷಿಸಿ, ಆನಂತರ ಕೆಲಸದ ಜಾಗದಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಭೂಸಂಪರ್ಕ, ನ್ಯೂಟ್ರಲ್–ಭೂಸಂಪರ್ಕಗಳ ನಡುವೆ ಅಳೆದು, ಪುನಃ ಮೊದಲಿನ ಪ್ಲಗ್ಗಿಗೆ ಮರಳಿ ಖಚಿತಪಡಿಸಿಕೊಳ್ಳಬೇಕು. ಮೀಟರಿಗಿಂತ ಹಿಂದಿನ ತಂತಿಯಲ್ಲಿ ದೋಷ ಕಂಡುಬಂದರೆ ತಾವಾಗಿ ಮುಟ್ಟದೆ 1912ಕ್ಕೆ ಕರೆ ಮಾಡತಕ್ಕದ್ದು. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದನ್ನು ಬದಲಾಯಿಸುವವರೆಗೆ ಕೊಟ್ಟಿಗೆಯ ಮಾರ್ಗವನ್ನು ಬಳಸಬಾರದು.